ಊರ್ಪೋ ತೋಡಿದ ಕಾಲುವೆ

ಗೋಡೆ ಬದಿಯ ಹಿಮವನ್ನು ಫೆಬ್ರವರಿಯಲ್ಲೇ ಎತ್ತಿ ಹಾಕಿದ್ದರೆ ಊರ್ಪೋಗೆ ಆ ದಿನ ನೆಮ್ಮದಿಯಾಗಿ ಕಾಫಿ ಕುಡಿಯುವ ಯೋಗವಿತ್ತು. ಆದರೆ ಊರ್ಪೋ ದೇವರ ಕೆಲಸದಲ್ಲಿ ಕೈಹಾಕುವವನಲ್ಲ. "ದೇವರು ಹಾಕಿದ ಹಿಮ, ದೇವರೇ ತೆಗೀತಾನೆ" ಎಂದು ಹೆಂಡತಿ ಹಿಲ್ಕಾಗೆ ಹೇಳಿ, ಸೌನಾ ಕೋಣೆಯ ಬಿಸಿ ಹಬೆಯಲ್ಲಿ ಬೆನ್ನು ಕಾಯಿಸುತ್ತ ಚಳಿಗಾಲ ಕಳೆದಿದ್ದ.

ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ದೇವರು ನಿಜವಾಗಿಯೂ ಕೆಲಸಕ್ಕೆ ಇಳಿದ. ಬಿಸಿಲು ಹೊಡೆಯಿತು, ಸೂರಿನಿಂದ ಧಾರೆ ಸುರಿಯಿತು. ನೆಲವಿನ್ನೂ ಕಲ್ಲಿನಂತೆ ಹೆಪ್ಪುಗಟ್ಟಿದ್ದರಿಂದ ನೀರು ಇಂಗದೆ ಮುಂಗೋಡೆಯ ಬುಡದಲ್ಲಿ ಕೆರೆಯಾಯಿತು. ಗೋಡೆಯ ಆಚೆ ನೆಲಮಾಳಿಗೆ. ಅಲ್ಲಿ ಹಿಲ್ಕಾಳ ಮಗ್ಗ. ಮಗ್ಗದ ಮೇಲೆ, ಮಗಳ ಹೊಸ ಮನೆಗೆಂದು ಅವಳು ಮೂರು ತಿಂಗಳಿಂದ ನೇಯುತ್ತಿದ್ದ ಜಮಖಾನ. ಮಗ್ಗ ಬಾಗಿಲಿಗಿಂತ ಅಗಲ, ಆಚೆಗೆ ತರುವಂತಿಲ್ಲ. ತಂಗಿ ಮನೆಗೆ ಹೋಗಿದ್ದ ಹಿಲ್ಕಾ ಸಂಜೆ ಐದರ ಬಸ್ಸಿಗೆ ಬರುವವಳು.

ಪಕ್ಕದ ಮನೆಯ ಎನ್ಸಿಯೋ ಕಾಫಿ ಲೋಟ ಹಿಡಿದು ಬೇಲಿಗೆ ಒರಗಿದ. ಊರಿಗೆಲ್ಲ ಬುದ್ಧಿ ಹಂಚುವ ಕೆಲಸವನ್ನು ಅವನು ಸಂಬಳವಿಲ್ಲದೆ ಮಾಡುತ್ತಾನೆ.

"ಏನ್ ನೋಡ್ತಾ ನಿಂತಿದ್ದೀಯೋ ಊರ್ಪೋ? ಕಾಲುವೆ ತೋಡು ಮಾರಾಯ! ನೀರಿಗೆ ದಾರಿ ತೋರಿಸ್ಬೇಕು."

"ಎಲ್ಲಿಗೆ ತೋಡ್ಲಿ?"

"ಅದೂ ನಾನೇ ಹೇಳ್ಬೇಕಾ? ತಗ್ಗು ಎಲ್ಲಿದೆಯೋ ಅಲ್ಲಿಗೆ!"

ಊರ್ಪೋ ಗುದ್ದಲಿ ಹಿಡಿದ. ಮಂಜುಗಡ್ಡೆ ಕಡಿದು ಬೆನ್ನು ಬಿಲ್ಲಾಯಿತು. ಮಧ್ಯಾಹ್ನದ ಹೊತ್ತಿಗೆ ಕೆರೆ ಒಡೆದು ಜುಳುಜುಳು ಹರಿಯಿತು, ನೇರ ಎನ್ಸಿಯೋನ ಅಂಗಳಕ್ಕೆ. ತಗ್ಗು ಇದ್ದದ್ದು ಅಲ್ಲೇ.

"ಲೇ! ನನ್ನ ಮನೆಗೇನೋ ಬಿಡೋದು?"

"ನೀನೇ ಹೇಳಿದ್ದಲ್ವೇನೋ!"

ಎನ್ಸಿಯೋ ಒಂದು ಗಳಿಗೆ ಯೋಚಿಸಿದ. ಜಗಳವಾಡುವುದಕ್ಕಿಂತ ತೋಡುವುದು ಸುಲಭವೆನಿಸಿತು. ತನ್ನ ಅಂಗಳಕ್ಕೆ ಅಡ್ಡವಾಗಿ ಇನ್ನೊಂದು ಕಾಲುವೆ ತೋಡಿ, ನೀರನ್ನು ಬೀದಿಯ ತಿರುವಿನಾಚೆ ಲೆಂಪಿಯಜ್ಜಿಯ ಮನೆಗೆ ಸಾಗಹಾಕಿದ. ಅಕ್ಕಪಕ್ಕದವರೆಂದರೆ ಇರುವುದನ್ನು ಹಂಚಿಕೊಳ್ಳಬೇಕಲ್ಲ.

ಮೂರು ಗಂಟೆಗೆ ಎಂಬತ್ತರ ಲೆಂಪಿಯಜ್ಜಿ ಊರುಗೋಲು ಕುಟ್ಟುತ್ತ ಬಂದಳು.

"ಊರ್ಪೋ! ನನ್ನ ಆಲೂಗಡ್ಡೆ ಎಲ್ಲಾ ಈಜಾಡ್ತಾ ಇದೆ. ಯಾರ ಮನೆ ನೀರೋ ಅದು?"

"ಅಯ್ಯೋ ಅಜ್ಜಿ! ಕಾಲವೇ ಕೆಟ್ಟೋಯ್ತು. ಎಲ್ಲಿಂದ ಬರುತ್ತೋ, ಯಾರಿಗೆ ಗೊತ್ತು?"

"ಹಿಲ್ಕಾ ಬರ್ಲಿ, ಅವಳಿಗೆ ಗೊತ್ತಿರುತ್ತೆ."

ಆ ಹೆಸರು ಕೇಳಿದ್ದೇ ಊರ್ಪೋನ ಎದೆಯಲ್ಲಿ ಕರುಣೆ ಉಕ್ಕಿತು. ಹೇಗೂ ನೆಲಮಾಳಿಗೆಗೆ ನೀರು ನುಗ್ಗಿಲ್ಲ, ಜಮಖಾನಕ್ಕೆ ಒಂದು ಹನಿ ತಾಗಿಲ್ಲ. ತನ್ನ ಪಂಪನ್ನೂ ಉದ್ದದ ಪೈಪನ್ನೂ ತಂದು ಅಜ್ಜಿಯ ಮುಂದಿಟ್ಟ.

"ತಗೊಳ್ಳಿ ಅಜ್ಜಿ. ಸಂಜೆವರೆಗೂ ನಿಲ್ಲಿಸ್ಬೇಡಿ."

"ನೀರು ಎಲ್ಲಿಗೆ ಬಿಡ್ಲಪ್ಪ?"

"ಎಲ್ಲಾದ್ರೂ ಬಿಡಿ. ನನ್ನ ಕಣ್ಣಿಗೆ ಬೀಳದ ಕಡೆ ಬಿಟ್ರೆ ಸಾಕು."

ಅಜ್ಜಿ ಆಶೀರ್ವಾದ ಮಾಡಿ ಹೋದಳು. ಊರ್ಪೋ ಕಾಫಿ ಕಾಯಿಸಿ, ಏಲಕ್ಕಿ ಬನ್ನು ಎದುರಿಗಿಟ್ಟುಕೊಂಡು ಮುಂದಿನ ಕಿಟಕಿಯಲ್ಲಿ ಕುಳಿತು ತನ್ನ ಕಾಲುವೆಯ ಅಂದ ನೋಡಿದ. ನೋಡುತ್ತ ನೋಡುತ್ತ ನಿದ್ದೆ ಹೋದ.

ಐದಕ್ಕೆ ಹತ್ತು ನಿಮಿಷವಿದ್ದಾಗ ಕೆಳಗೆ ಏನೋ ಗುಳುಗುಳು ಎಂದಿತು. ಇಳಿದು ನೋಡಿದರೆ ಹಿಂದಿನ ಕಿಟಕಿಯಿಂದ ನೀರು ಧುಮುಕುತ್ತಿದೆ! ಜಮಖಾನ ನೆನೆದ ನಾಯಿಯ ಹಾಗೆ ಜೋತುಬಿದ್ದಿದೆ. ಅಜ್ಜಿಗೆ ಕೊಟ್ಟ ಪಂಪ್ ವಾಪಸ್ ತರಲೆಂದು ಊರ್ಪೋ ಹಿತ್ತಲ ದಾರಿ ಹಿಡಿದು ಓಡಿದ. ಪಂಪ್ ದೂರವೇನಿರಲಿಲ್ಲ. ಬೀದಿ ಬೆಟ್ಟವನ್ನು ಸುತ್ತಿ ಬರುವುದರಿಂದ ಅಜ್ಜಿಯ ಮನೆ ಇವನ ಹಿತ್ತಲಿಗೆ ಸರಿಯಾಗಿ ಕೆಳಗಿತ್ತು. ಹಿಂಬೇಲಿಯ ಮೇಲಿಂದ ಹಾದು ಬಂದ ಪೈಪು ಇವನ ಗೋಡೆಯ ಬುಡಕ್ಕೇ ಭೋರೆಂದು ಸುರಿಯುತ್ತಿತ್ತು.

"ಅಜ್ಜೀ! ನಿಲ್ಸಿ! ಇಲ್ಯಾಕೆ ಬಿಟ್ರಿ?"

"ನೀನೇ ಅಂದ್ಯಲ್ಲಪ್ಪ, ಕಣ್ಣಿಗೆ ಬೀಳದ ಕಡೆ ಅಂತ!" ಅಜ್ಜಿ ಕೆಳಗಿಂದ ಕೂಗಿದಳು. "ನಿನ್ನ ಹಿತ್ತಲಿಗೆ ನೀನು ಯಾವತ್ತು ಬಂದಿದ್ದೀಯಾ?"

ಮುಂಬಾಗಿಲು ತೆರೆದ ಸದ್ದಾಯಿತು. ಹಿಲ್ಕಾ ಚೀಲ ಹಿಡಿದೇ ಮೆಟ್ಟಿಲಿಳಿದು, ಮೊಣಕಾಲುದ್ದ ನೀರನ್ನು ನೋಡಿದಳು, ಜಮಖಾನವನ್ನು ನೋಡಿದಳು, ಹಿಂಡಿದ ಬಟ್ಟೆಯಂತೆ ಬಂದು ನಿಂತ ಗಂಡನನ್ನೂ ನೋಡಿದಳು.

"ಗೋಡೆ ಹತ್ರ ಇರೋ ಹಿಮ ತೆಗಿ ಅಂದಿದ್ದೆ ಕಣೋ," ಎಂದಳು. "ಬೀದೀದೆಲ್ಲಾ ತಂದು ಒಳಗೆ ಹಾಕು ಅಂದಿರ್ಲಿಲ್ಲ."