ಮೊಮ್ಮಗಳ ಡಿಜೆ, ನನ್ನ ಮೊಣಕಾಲು

ನನ್ನ ಮೊಮ್ಮಗಳು ಶುಭಾಳಿಗೆ ಔರಾದದಿಂದ ಮದುವೆಯ ಡಿಜೆ ಕರೆ ಬಂದಿದೆ! ಬೆಳಿಗ್ಗೆಯಿಂದ ನೌಬಾದದ ನಮ್ಮ ಓಣಿಯಲ್ಲಿ ಕೇಳಿದವರಿಗೂ ಹೇಳಿದ್ದೇನೆ, ಕೇಳದವರನ್ನು ತಡೆದು ನಿಲ್ಲಿಸಿಯೂ ಹೇಳಿದ್ದೇನೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಸಂತೋಷವನ್ನು ಅಳೆದು ತೂಗಿ ಹೇಳುವುದನ್ನು ಬಹುಶಃ ನಾಲ್ಕನೆಯದರಲ್ಲಿ ಕಲಿಸುತ್ತಿದ್ದರು.

ನಮ್ಮ ಬೀದರ್ ಕಡೆ ಡಿಜೆ ಎಂದರೆ ಟ್ರ್ಯಾಕ್ಟರ್ ತುಂಬ ಸೌಂಡ್ ಬಾಕ್ಸ್ ಹೇರಿಕೊಂಡು, ತೊಟ್ಟಿಲ ಕೂಸಿನಿಂದ ಗುಡಿಯ ದೇವರವರೆಗೆ ಎಲ್ಲರ ಎದೆ ನಡುಗಿಸುವ ಗಾಡಿ. ಶುಭಾ ತಾನೂ ಡಿಜೆ ಕಲಿಯುತ್ತೇನೆ ಎಂದಾಗ ನನ್ನ ಮಗ ಸಂಜು, ಮಗಳನ್ನು ಮನಸ್ಸಿನಲ್ಲೇ ಆ ಟ್ರ್ಯಾಕ್ಟರ್ ಮೇಲೆ ನಿಲ್ಲಿಸಿ ನೋಡಿದನೆಂದು ಕಾಣುತ್ತದೆ. ಚಹಾ ಬಸಿಯಲ್ಲೇ ಆರಿತು. ಅವಳು ಹೈದರಾಬಾದಿನಿಂದ ತಂದದ್ದು ಎರಡು ತಿರುಗುವ ತಟ್ಟೆಗಳ ಹಳೆಯ ಯಂತ್ರ. ಹಾಡು ಇರುವುದು ಲ್ಯಾಪ್‌ಟಾಪಿನಲ್ಲಿ, ತಿರುಗುವುದು ತಟ್ಟೆ. ನಡುವೆ ಏನು ನಡೆಯುತ್ತದೆಂದು ಅವಳು ವಿವರಿಸಿದಾಗಲೆಲ್ಲ ನಾನು ತಲೆಯಾಡಿಸಿದ್ದೇನೆ. ಮನೆಗೆ ಯಂತ್ರ ಬಂದರೆ ಪೂಜೆ ಮಾಡಬೇಡವೇ? ಎರಡೂ ತಟ್ಟೆಗಳಿಗೆ ಅರಿಶಿನ ಕುಂಕುಮ ಹಚ್ಚಿದೆ. ತಟ್ಟೆಯ ಮೇಲೆ ಓಡುವ ಸೂಜಿ ನನ್ನ ಭಕ್ತಿಯ ಹತ್ತಿರ ಬಂದಾಗಲೆಲ್ಲ ಎಗರತೊಡಗಿತು.

"ಆಯೀ! ಇದೇನ್ ಟ್ರ್ಯಾಕ್ಟರಾ, ಕುಂಕುಮ ಹಚ್ಚಲಿಕ್ಕ?" ಎಂದು ಗೊಣಗುತ್ತ ಮೊಮ್ಮಗಳು ಅರ್ಧ ದಿನ ತಟ್ಟೆ ಒರೆಸಿದಳು.

ಈ ವಿದ್ಯೆಯ ಗುಟ್ಟು ಇಷ್ಟೇ: ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದೇ ತಾಳಕ್ಕೆ ತಂದು, ಕುಣಿಯುವವರಿಗೆ ಗೊತ್ತಾಗದಂತೆ ಬೆಸೆಯಬೇಕು. ಮೊದಮೊದಲು ಅವಳ ಹಾಡುಗಳು ನಳದ ಮುಂದೆ ಕೊಡ ಹಿಡಿದ ಬೀಗಿತಿಯರಂತೆ ಕಚ್ಚಾಡುತ್ತಿದ್ದವು. "ಕಾಕೂ, ಮನ್ಯಾಗ ಗಿರಣಿ ಹಾಕೀರೇನ್ರಿ?" ಎಂದು ಪಕ್ಕದ ಮನೆಯವಳು ಕೇಳಿಯೇಬಿಟ್ಟಳು. ಅವತ್ತೇ ಸಂಜು ತೀರ್ಪು ಕೊಟ್ಟ: "ಭಾಲ್ಕಿ ಅರಿಶಿಣದಾಗ ಬಾರಿಸಿ ತೋರ್ಸು. ಮಂದಿ ಕುಣಿಲಿಲ್ಲಂದ್ರ ಈ ಮಷಿನ್ ವಾಪಸ್ ಹೈದರಾಬಾದಿಗಿ."

ಭಾಲ್ಕಿಯಲ್ಲಿ ನನ್ನ ತಂಗಿಯ ಮೊಮ್ಮಗಳ ಮದುವೆಯ ಅರಿಶಿಣ. ಶುಭಾ ಹಾಡು ಹಚ್ಚಿದಳು. ಪೆಂಡಾಲಿನಲ್ಲಿ ಒಂದು ಸೆರಗೂ ಅಲ್ಲಾಡಲಿಲ್ಲ. ಕಾರಣ ನನಗೆ ಗೊತ್ತಿತ್ತು. ನಮ್ಮವರಲ್ಲಿ ಅತ್ತೆ ಏಳದೆ ಸೊಸೆ ಕುಣಿಯುವುದಿಲ್ಲ. ಅತ್ತೆಯರು ತಮಗಿಂತ ಹಿರಿಯಳು ಏಳಲಿ ಎಂದು ಕಾಯುತ್ತಾರೆ. ಅಲ್ಲಿ ಎಲ್ಲರಿಗಿಂತ ಹಿರಿಯಳು ನಾನೇ. ನನ್ನ ಮೊಣಕಾಲೋ ಯಾರ ಮಾತೂ ಕೇಳುವುದಿಲ್ಲ. ಆದರೆ ಶುಭಾ ತಟ್ಟೆ ಬಿಟ್ಟು ಅಪ್ಪನ ಮುಖ ನೋಡುವುದು ಕಂಡಿತು.

"ಏ ಸಂಜ್ಯಾ, ಕೈ ಹಿಡಿ, ಏಳ್ತೀನಿ."

"ಅವ್ವಾ, ಬೀಳ್ತಿ!"

"ಬಿದ್ರ ಅದೂ ಡ್ಯಾನ್ಸೇ ಅನ್ಕೋತಾರ, ಎಬ್ಬಿಸು!"

ನಾನು ಎದ್ದೆ, ನನ್ನ ಹಿಂದೆ ಅತ್ತೆಯರು, ಅವರ ಹಿಂದೆ ಸೊಸೆಯರು. ಹಾಡು ನಿಂತರೆ ನಾನು ಕೂರುವವಳೇ, ನಾನು ಕೂತರೆ ಎಲ್ಲರೂ ಕೂರುವವರೇ. ಶುಭಾ ಹೆಡ್‌ಫೋನನ್ನು ಒಂದು ಕಿವಿಗೆ ಒತ್ತಿ, ನಾಲಿಗೆ ಕಚ್ಚಿ, ಎರಡನೇ ತಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ತಳ್ಳುತ್ತಿದ್ದಳು. ಹಾಡು ಯಾವಾಗ ಮುಗಿದೀತು, ಯಾವಾಗ ಕೂತೇನು ಎಂದು ನಾನು ಕಾದೆ. ಅದು ಮುಗಿಯಲೊಲ್ಲದು! ಎಷ್ಟೋ ಹೊತ್ತಿನ ಮೇಲೆ ಕಿವಿಗೊಟ್ಟು ಕೇಳಿದರೆ ನಾನು ಕುಣಿಯುತ್ತಿದ್ದುದು ಬೇರೆಯದೇ ಹಾಡಿಗೆ. ಸಂಜುವಿನ ಕೈ ಹಿಡಿಯಲು ಹೋದೆ. ಆ ಕೈಗಳು ಆಗಲೇ ಮೇಲೆದ್ದು ಕುಣಿಯುತ್ತಿದ್ದವು.

ಔರಾದದವರ ಕರೆಯ ಪೂರ್ತಿ ಮಾತನ್ನು ನಾನು ಓಣಿಯಲ್ಲಿ ಹೇಳಿಲ್ಲ. ಭಾಲ್ಕಿಯಲ್ಲಿ ನಮ್ಮ ಕುಣಿತ ನೋಡಿದ್ದ, ಔರಾದದ ವರನ ಕಾಕಾ ಹೇಳಿದ್ದು ಹೀಗೆ: "ಹುಡುಗಿ ಬರ್ಲಿರಿ. ಸಂಗಟ ಆ ಮುದುಕೀನೂ ಕರಕೊಂಡ ಬರ್ರಿ. ಅಕಿ ಏಳಲಿಲ್ಲಂದ್ರ ನಮ್ಮ ಹೆಣ್ಮಕ್ಕಳೂ ಏಳೂದಿಲ್ಲ."

ಸಂಜೆ ಎಲ್ಲರೂ ಸುತ್ತ ಕೂತು ಊಟ ಮಾಡಿದೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. "ಮೊದಲ ಕಲಾವಿದರಿಗಿ ಬಡಸ್ರಿ" ಎಂದೆ. ಸೊಸೆ ಶುಭಾಳ ತಾಟಿಗೆ ಬಿಸಿ ರೊಟ್ಟಿ ಹಾಕಿ ಮುಂದೆ ಹೋದಳು. ನಾನು ಕೆಮ್ಮಿದೆ. ಸಂಜು ನಗುತ್ತ ತನ್ನ ತಾಟಿನ ರೊಟ್ಟಿಯನ್ನೇ ಎತ್ತಿ ನನಗಿಟ್ಟ, ಮೇಲೆ ತುಪ್ಪವನ್ನೂ ಸುರಿದ.