ಕುಡಿಯಲಿಕ್ಕಲ್ಲದ ನೀರು

ನಮ್ಮ ಕಾಕಾರಂಥ ಜಿಪುಣರನ್ನು ನೀವು ಅಥಣಿ ತಾಲೂಕಿನಲ್ಲೇ ಕಂಡಿರಲಾರಿರಿ! ಹೈಸ್ಕೂಲಿನ ವಿಜ್ಞಾನದ ಮಾಸ್ತರರು. ಎಲ್ಲಿಗೆ ಹೋದರೂ ಐದು ಲೀಟರಿನ ನೀರಿನ ಕ್ಯಾನು ಜೊತೆಗೆ. ಬಸ್ಸಿನಲ್ಲಿ ಯಾರಾದರೂ ಬಾಯಾರಿ ಕೇಳಿದರೆ, "ಇದು ಕುಡಿಯಾಕ ಅಲ್ಲರಿ, ಕಣ್ಣಿಗೆ ಐತಿ" ಎನ್ನುವರು. ಕಣ್ಣಿಗೆ ಬೇಕಾದ ನೀರು ಕಣ್ಣಲ್ಲೇ ಇರುವಾಗ ಅದನ್ನು ಕ್ಯಾನಿನಲ್ಲಿ ಹೊರುವುದುಂಟೆ? ಕೇಳಿದವರು ಇವರ ತಲೆಯನ್ನೊಮ್ಮೆ ನೋಡಿ ಬೇರೆ ಸೀಟು ಹುಡುಕುವರು.

ಕಾಕಾರಿಗೆ ಜಗತ್ತಿನಲ್ಲಿ ಇರುವುದು ಎರಡೇ ಜಾತಿ: ಆಮ್ಲ, ಪ್ರತ್ಯಾಮ್ಲ. ನನ್ನ ತಂಗಿಯ ಮದುವೆಯ ಹಿಂದಿನ ದಿನ ಮದುಮಗನ ಬಿಳಿ ಅಂಗಿಗೆ ಅರಿಶಿಣ ತಾಗಿತ್ತು. ಯಾರೋ ಸಾಬೂನು ತಿಕ್ಕಿದರು. ಹಳದಿ ಕಲೆ ರಕ್ತದ ಹಾಗೆ ಕೆಂಪಾಯಿತು. ಕಾಗವಾಡದ ಬೀಗಿತಿ ಅಪಶಕುನವೆಂದು ತಲೆಗೆ ಕೈಹಚ್ಚಿ ಕೂತುಬಿಟ್ಟರು. ಕಾಕಾ ಬಂದು ಅರ್ಧ ಲಿಂಬೆಹಣ್ಣು ಹಿಂಡಿದರು. ಕೆಂಪು ಹೋಗಿ ಹಳದಿ ಬಂತು.

"ಸಾಬೂನು ಪ್ರತ್ಯಾಮ್ಲ ಅಕ್ಕಾರ, ಲಿಂಬಿ ಆಮ್ಲ. ಒಂದನ್ನ ಇನ್ನೊಂದು ಅಡಗಸ್ತೈತಿ, ಅಷ್ಟ."

ಮರುದಿನ ಅಕ್ಷತೆ ಮುಗಿದಿತ್ತು. ಮದುಮಗನ ತಂದೆ, ನಮ್ಮ ಬೀಗರು, ನಿಪ್ಪಾಣಿ ತಂಬಾಕು ಅಂಗೈಗೆ ಹಾಕಿಕೊಂಡು ಸುಣ್ಣದ ಟ್ಯೂಬು ಒತ್ತಿದರು. ಅದರ ಬಾಯಿ ಕಟ್ಟಿತ್ತು. ಇನ್ನೂ ಜೋರಾಗಿ ಒತ್ತಿದರು. ಸುಣ್ಣ ಸಿಡಿದು ನೇರ ಕಣ್ಣಿಗೆ ಬಿತ್ತು. ಅವರು ಚೀರಿದ್ದಕ್ಕೆ ವಾಜಂತ್ರಿಯವರ ವಾದ್ಯ ನಿಂತಿತು. ಬೀಗಿತಿ ಲಿಂಬೆಹಣ್ಣು ಹಿಡಿದು ಓಡಿ ಬಂದರು.

"ಹಿಂಡ್ರಿ ಸರ್, ನಿನ್ನೆ ಹಿಂಡಿದ್ರಲ್ಲ, ಹಂಗ."

ಕಾಕಾ ಅದನ್ನು ಕಸಿದು ಎಸೆದರು. "ಅದು ಅಂಗಿ, ಇದು ಕಣ್ಣು. ನೀರು ಬಿಟ್ಟು ಏನೂ ಮುಟ್ಟಸಬ್ಯಾಡ್ರಿ."

ಬೀಗರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ರೆಪ್ಪೆ ಬಿಡಿಸಿ, ಇಡೀ ಕ್ಯಾನು ಸುರಿದರು. ಅದು ತೀರಿದ ಮೇಲೆ ಕೊಡಗಟ್ಟಲೆ ತರಿಸಿದರು. ಅರ್ಧ ತಾಸಿನಲ್ಲಿ ಬೀಗರು ತಲೆಗೆ ಸುತ್ತಿದ್ದ ಹೊಸ ಪಟಗಾ ತೊಯ್ದು ತೊಪ್ಪೆ! ಸಂಜೆ ಮಿರಜಿನ ಡಾಕ್ಟರು ನೋಡಿ, ನೀರೇ ಕಣ್ಣು ಉಳಿಸಿತು ಎಂದರು.

ಎಲ್ಲರೂ ಹೊಗಳಿದರು. ಕಾಕಾ ಮಾತ್ರ ಖಾಲಿ ಕ್ಯಾನು ತೊಡೆಯ ಮೇಲಿಟ್ಟುಕೊಂಡು ಮೂಲೆ ಹಿಡಿದಿದ್ದರು. ಏನಾಯಿತೆಂದು ಅವರ ಹೆಂಡತಿ, ನಮ್ಮ ಕಾಕುವನ್ನು ಕೇಳಿದೆ. ಕಾಕುವಿಗೆ ಎಡಗಣ್ಣು ಕಾಣುವುದಿಲ್ಲ. ಹುಟ್ಟಿನಿಂದಲೇ ಹಾಗೆಂದು ನಾವೆಲ್ಲ ತಿಳಿದಿದ್ದೆವು.

"ಮದುವಿ ಆದ ವರ್ಷ ದೀಪಾವಳಿಗೆ ಗ್ವಾಡಿಗೆ ಹಚ್ಚಾಕ ಸುಣ್ಣ ಕಲಸಾಕತ್ತಿದ್ದೆ. ಕಣ್ಣಿಗೆ ಸಿಡೀತು. ಇವರು ಆಗಷ್ಟ ಬಿ.ಎಸ್ಸಿ. ಪಾಸಾಗಿದ್ರು. ಓಡಿ ಬಂದು ಲಿಂಬಿ ಹಿಂಡಿದ್ರು" ಎಂದರು ಕಾಕು.

ಇಷ್ಟು ವರ್ಷ ಜಿಪುಣರೆಂದು ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು. ಮರುದಿನ ಅವರು ಊರಿಗೆ ಹೊರಡುವ ಮುಂಚೆ ಕ್ಯಾನು ತುಂಬಿಸಿಡೋಣವೆಂದು ನಲ್ಲಿಯ ಹತ್ತಿರ ಹೋದೆ. ಕಾಕು ಆಗಲೇ ಅಲ್ಲಿದ್ದರು. ಕಸವೇನಾದರೂ ಉಳಿದಿದೆಯೇ ಎಂದು ಬಲಗಣ್ಣಿನಿಂದ ಕ್ಯಾನಿನೊಳಗೆ ಇಣುಕಿ, ಮತ್ತೊಮ್ಮೆ ತೊಳೆದು, ನಲ್ಲಿಗೆ ಹಿಡಿದರು.

"ನೀ ಬಿಡಪಾ. ಇದನ್ನ ದಿನಾ ನಾನ ತುಂಬಸೂದು."