‘ಒಳಚಿಲಕ’ದ ಕೊಲೆಗಾರರ ಬಗ್ಗೆ ವೀಕ್ಷಕರ ಅಭಿಪ್ರಾಯ

‘ಒಳಚಿಲಕ’ ಎಂಬ ಚಲನಚಿತ್ರದಲ್ಲಿ ವಕೀಲರನ್ನು ಕೊಂದವರು ಯಾರು ಎಂಬುದನ್ನು ಹಳೆಯ ಚಿತ್ರಗಳ ಸಂರಕ್ಷಣಾ ಇಲಾಖೆಯು ಕಳೆದ ತಿಂಗಳ ಹದಿನಾಲ್ಕರಂದು ಸಭೆ ಸೇರಿ, ಬಹುಮತದಿಂದ, ಅಂತಿಮವಾಗಿ ತೀರ್ಮಾನಿಸಿದೆ. ಸಭೆಯ ನಡಾವಳಿ ಬರೆದವನು ನಾನೇ, ಅಭಿಪ್ರಾಯ ಶಾಖೆಯ ಗುಮಾಸ್ತ. ನನಗೆ ಸ್ವಂತ ಅಭಿಪ್ರಾಯ ಇಲ್ಲವೆಂಬುದು ಖಾತ್ರಿಯಾದ ಮೇಲೆಯೇ ನನ್ನನ್ನು ಆ ಶಾಖೆಗೆ ಹಾಕಿದ್ದು.

ಚಿತ್ರ ಐವತ್ತೆರಡು ವರ್ಷ ಹಳೆಯದು, ಕಪ್ಪು ಬಿಳುಪಿನದು. ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಒಬ್ಬ ವಕೀಲರು ಸತ್ತು ಬಿದ್ದಿರುತ್ತಾರೆ. ಮನೆಯಲ್ಲಿ ಇದ್ದವರು ಮೂವರೇ: ವಕೀಲರ ತಮ್ಮ, ಅಡುಗೆಯವನು, ನರ್ಸ್. ಕೊಂದವರು ಯಾರೆಂಬುದು ಒಂಬತ್ತನೇ ರೀಲಿನಲ್ಲಿ, ಅಂದರೆ ಕೊನೆಯ ರೀಲಿನಲ್ಲಿ ಗೊತ್ತಾಗುತ್ತದೆ. ಜನ ಮನೆಯಲ್ಲೇ ಕೂತು ನೋಡಲೆಂದು ನಮ್ಮ ಇಲಾಖೆ ಇದನ್ನು ಡಿಸ್ಕ್ ಮಾಡಿ ಹೊರತಂದಿತು. ಉಗ್ರಾಣದಲ್ಲಿ ಒಂಬತ್ತು ತಗಡಿನ ಡಬ್ಬಿಗಳಿದ್ದವು. ಎಂಟರಲ್ಲಿ ರೀಲು ಇತ್ತು. ಒಂಬತ್ತನೆಯದರಲ್ಲಿ ಉಗ್ರಾಣದ ಮೇಲ್ವಿಚಾರಕರ ಸೂಜಿ, ದಾರ, ಅಂಗಿಯ ಗುಂಡಿಗಳು ಇದ್ದವು. ಆದರೆ ದಾಸ್ತಾನು ಪುಸ್ತಕದಲ್ಲಿ ‘ಡಬ್ಬಿ ಒಂಬತ್ತು, ಸುಸ್ಥಿತಿ’ ಎಂದು ಬರೆದಿತ್ತು. ಡಬ್ಬಿ ಸುಸ್ಥಿತಿಯಲ್ಲೇ ಇತ್ತು, ಅದರಲ್ಲಿ ಸುಳ್ಳೇನೂ ಇಲ್ಲ. ಆದ್ದರಿಂದ ಚಿತ್ರ ಸಂಪೂರ್ಣವಾಗಿದೆ ಎಂದು ಮುಖ್ಯಾಧಿಕಾರಿಗಳು ಸಹಿ ಹಾಕಿದರು. ಆ ಸಹಿಯ ಆಧಾರದ ಮೇಲೆ ಅವರಿಗೆ ‘ಸಮಗ್ರ ಸಂರಕ್ಷಕ’ ಎಂಬ ಫಲಕವೂ ಬಂತು.

ಡಿಸ್ಕಿನ ಹೊದಿಕೆಯ ಹಿಂಬದಿಗೆ ವೀಕ್ಷಕರ ಅಭಿಪ್ರಾಯ ಅಚ್ಚಾಗಬೇಕು. ಮುದ್ರಣಕ್ಕೆ ತಡವಾಗಬಾರದೆಂದು ಯಾರೂ ಚಿತ್ರ ನೋಡುವ ಮೊದಲೇ ಅವುಗಳನ್ನು ಸಂಗ್ರಹಿಸುವುದು ನಮ್ಮಲ್ಲಿ ನಡೆದುಬಂದ ಕ್ರಮ. ‘ಕೊನೆಯ ದೃಶ್ಯ ನೋಡಿ ಮೂರು ದಿನ ಅನ್ನ ಸೇರಲಿಲ್ಲ’ ಎಂದು ಮುಖ್ಯಾಧಿಕಾರಿಗಳ ಷಡ್ಡಕ ಬರೆದುಕೊಟ್ಟರು. ‘ಇಂಥ ಅಂತ್ಯ ಹಿಂದೆ ಬಂದಿಲ್ಲ, ಮುಂದೆ ಬರುವುದಿಲ್ಲ’ ಎಂದರು ಅವರ ಅತ್ತೆ.

ಬಿಡುಗಡೆಯಾದ ಮೇಲೆ ನಿಜವಾದ ವೀಕ್ಷಕರ ಪತ್ರಗಳು ಬರತೊಡಗಿದವು. ನರ್ಸ್ ಮೆಟ್ಟಿಲು ಹತ್ತಿ ಬಾಗಿಲ ಮುಂದೆ ನಿಲ್ಲುತ್ತಾಳೆ, ಅಲ್ಲಿಗೆ ಪರದೆ ಕಪ್ಪಾಗುತ್ತದೆ, ಡಿಸ್ಕ್ ಕೆಟ್ಟಿದೆ ಎಂದು ಬಹಳ ಜನ ದೂರಿದರು. ಎಲ್ಲರಿಗೂ ಬೇರೆ ಡಿಸ್ಕ್ ಕಳುಹಿಸಿದೆವು. ಅದೂ ಅಲ್ಲಿಗೇ ನಿಂತಿತು. ಒಬ್ಬ ನಿವೃತ್ತ ರೈಲ್ವೆ ಗಾರ್ಡ್ ಐದು ಸಲ ಬದಲಾಯಿಸಿಕೊಂಡು, ಆರನೇ ಸಲ, ತಮ್ಮ ಕಣ್ಣಲ್ಲೇ ಏನೋ ದೋಷವಿರಬೇಕೆಂದು ಕ್ಷಮೆ ಕೇಳಿ ಬರೆದರು. ಕಾಲೇಜಿನ ಮೇಷ್ಟರೊಬ್ಬರಂತೂ ‘ಉತ್ತರವನ್ನೇ ಕೊಡದ ದಿಟ್ಟ ಅಂತ್ಯ’ ಎಂದು ಹನ್ನೆರಡು ಪುಟ ಮೆಚ್ಚುಗೆ ಬರೆದು ಕಳಿಸಿದರು. ಅದನ್ನು ನಾವು ಗಾಜಿನ ಚೌಕಟ್ಟಿನಲ್ಲಿ ಹಾಕಿ ಬಾಗಿಲ ಪಕ್ಕ ತೂಗುಹಾಕಿದೆವು.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಎಪ್ಪತ್ತು ದಾಟಿದ ಒಬ್ಬ ಹೆಂಗಸು ನನ್ನ ಮೇಜಿನ ಮುಂದೆ ಬಂದು ನಿಂತರು. ಬಟ್ಟೆ ಹೊಲಿದು ಬಾಳಿದವರು. ಎಡಗೈ ಹೆಬ್ಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿತ್ತು. ಜೊತೆಯಲ್ಲಿ ಸೊಸೆ ಇದ್ದರು.

“ವಕೀಲರನ್ನ ಕೊಂದಿದ್ದು ನಾನೇ ಸ್ವಾಮಿ,” ಎಂದರು.

“ಮೆಲ್ಲಗೆ ಹೇಳಿ ಅಮ್ಮ. ಇನ್ನೂ ನೋಡದೇ ಇರೋರು ಇರ್ತಾರೆ,” ಎಂದೆ.

ವಿಷಯ ಇಷ್ಟು. ಇಪ್ಪತ್ತೊಂದರ ವಯಸ್ಸಿನಲ್ಲಿ ಅವರು ಆ ಚಿತ್ರದಲ್ಲಿ ನರ್ಸ್ ಪಾತ್ರ ಮಾಡಿದ್ದರು. ಮೊದಲನೆಯದೂ ಅದೇ, ಕೊನೆಯದೂ ಅದೇ. ಗುಟ್ಟು ಬಿಟ್ಟುಕೊಡಬಾರದೆಂದು ಎಂಟು ರೀಲಿನ ಉದ್ದಕ್ಕೂ ನರ್ಸಿನ ಬೆನ್ನು, ಕೈ, ಬಿಳಿ ಟೋಪಿ ಮಾತ್ರ ತೋರಿಸಿದ್ದಾರೆ. ಒಂಬತ್ತನೆಯದರಲ್ಲಿ ಅವಳು ತಿರುಗುತ್ತಾಳೆ, ನೇರ ನಮ್ಮ ಕಡೆ ನೋಡಿ ನಗುತ್ತಾಳೆ. ಚಿತ್ರ ತೆರೆಕಂಡಾಗ ಇವರು ಹೆರಿಗೆ ಕೋಣೆಯಲ್ಲಿದ್ದರು. ಮಗುವನ್ನೆತ್ತಿಕೊಂಡು ಹೊರಬರುವಷ್ಟರಲ್ಲಿ ಚಿತ್ರಮಂದಿರದಿಂದ ಚಿತ್ರ ಎತ್ತಿಯಾಗಿತ್ತು. ಪರದೆಯ ಮೇಲೆ ತಮ್ಮ ಮುಖವನ್ನು ತಾವೇ ನೋಡಲಿಲ್ಲ.

“ಐವತ್ತು ವರ್ಷದಿಂದ ಹೇಳ್ತಾನೇ ಇದ್ದೀನಿ. ಯಾರೂ ನಂಬಲ್ಲ. ಡಿಸ್ಕ್ ಬಂತು ಅಂತ ನೆಂಟರನ್ನೆಲ್ಲ ಕರೆದು ಕೂರಿಸ್ದೆ. ‘ಈಗ ಬರ್ತೀನಿ ನೋಡಿ, ಈಗ ತಿರುಗ್ತೀನಿ ನೋಡಿ’ ಅಂದೆ. ಪರದೆ ಕಪ್ಪಾಯ್ತು. ನನ್ನ ನಾದಿನಿ ಬಾಯಿಗೆ ಸೆರಗು ಹಿಡ್ಕೊಂಡು ನಕ್ಕಳು.”

“ಎಲ್ಲರೂ ನಕ್ಕರು,” ಎಂದು ಸೊಸೆ ತಿದ್ದಿದರು.

ನಾನು ಅಭಿಪ್ರಾಯ ನಮೂನೆ ಕೊಟ್ಟೆ. ‘ಚಿತ್ರದ ಅಂತ್ಯ’ ಎಂಬ ಕಾಲಂನಲ್ಲಿ ಅವರು ‘ಇಲ್ಲ’ ಎಂದು ಬರೆದರು. ‘ಆಕ್ಷೇಪಣೆ ಇಲ್ಲ’ ಎಂದು ನಾನು ದಾಖಲಿಸಿಕೊಂಡೆ. ಅವರು ಅದನ್ನು ಒಪ್ಪಲಿಲ್ಲ. ಮುಖ್ಯಾಧಿಕಾರಿಗಳ ಕೋಣೆಗೆ ಕರೆದೊಯ್ಯಬೇಕಾಯಿತು.

ಮುಖ್ಯಾಧಿಕಾರಿಗಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು.

“ನೋಡಿ ತಾಯಿ, ಆರನೇ ನಿಯಮದ ಪ್ರಕಾರ ಯಾವ ವೀಕ್ಷಕರೂ ಅಂತ್ಯವನ್ನ ಬಯಲು ಮಾಡೋ ಹಾಗಿಲ್ಲ. ಅಂತ್ಯ ಇಲ್ಲ ಅನ್ನೋದೂ ಬಯಲು ಮಾಡಿದ ಹಾಗೇನೇ.”

“ಅಂತ್ಯ ಇದೆ ಸಾರ್. ನಾನೇ ಮಾಡಿದ್ದೀನಿ. ನಿಮ್ಮ ಹತ್ರ ಇಲ್ಲ ಅಷ್ಟೆ.”

“ಚಿತ್ರ ಸಂಪೂರ್ಣವಾಗಿದೆ ಅಂತ ನಾನು ಸಹಿ ಹಾಕಿದ್ದೀನಿ. ನಿಮ್ಮ ಹತ್ರ ಸಹಿ ಇದೆಯಾ?”

ಆಕೆಯ ಹತ್ತಿರ ಸಹಿ ಇರಲಿಲ್ಲ. ಆದರೆ ಬಾಯಿ ಇತ್ತು. ಡಿಸ್ಕಿನಲ್ಲಿ ಅಂತ್ಯವೇ ಇಲ್ಲವೆಂದು ಒಂದು ಪತ್ರಿಕೆಗೆ ಬರೆದರು, ಪತ್ರಿಕೆ ಅಚ್ಚು ಹಾಕಿತು. ಹಾಗಾದರೆ ಕೊಂದವರು ಯಾರು ಎಂದು ಜನ ಕೇಳತೊಡಗಿದರು. ಎರಡನೇ ಆವೃತ್ತಿಯ ಹೊದಿಕೆಯ ಮೇಲೆ ಕೊಲೆಗಾರನ ಹೆಸರನ್ನೇ ಅಚ್ಚುಹಾಕಿ ಗೊಂದಲ ತೊಡೆದುಹಾಕುವುದೆಂದೂ, ಆ ಹೆಸರನ್ನು ವೀಕ್ಷಕರ ಅಭಿಪ್ರಾಯದಂತೆ ಗೊತ್ತುಮಾಡುವುದೆಂದೂ ಮುಖ್ಯಾಧಿಕಾರಿಗಳು ಆದೇಶಿಸಿದರು.

ಸಾವಿರದ ಇನ್ನೂರು ಅಭಿಪ್ರಾಯಗಳು ಬಂದವು. ವಕೀಲರ ತಮ್ಮನ ಮೇಲೆ ಬಹಳ ಜನರಿಗೆ ಅನುಮಾನವಿತ್ತು. ಆದರೆ ಆ ಪಾತ್ರ ಮಾಡಿದವರ ಮಗ ಈಗ ದೊಡ್ಡ ಕಟ್ಟಡಗಳನ್ನು ಕಟ್ಟುವ ಗುತ್ತಿಗೆದಾರ. ಇಲಾಖೆಯ ಹೊಸ ಕಟ್ಟಡವೂ ಅವರದೇ ಕೈಯಲ್ಲಿದೆ. ಅವರು ಖುದ್ದಾಗಿ ಬಂದು, “ನಮ್ಮ ತಂದೆ ಇರುವೆ ಸತ್ತರೂ ನೊಂದುಕೊಳ್ತಿದ್ರು,” ಎಂದು ಕಣ್ಣೊರೆಸಿಕೊಂಡರು. ಕೂಡಲೇ ಆ ಅಭಿಪ್ರಾಯಗಳಲ್ಲಿ ಕಾಗುಣಿತದ ತಪ್ಪುಗಳು ಕಂಡುಬಂದು ಅವು ರದ್ದಾದವು. ನರ್ಸೇ ಕೊಂದಳು ಎಂದು ಬಂದದ್ದು ಒಂದೇ ಒಂದು. ಅದು ನರ್ಸೇ ಬರೆದದ್ದು, ಸ್ವಹಿತಾಸಕ್ತಿ ಇದೆಯೆಂದು ಅದನ್ನೂ ತೆಗೆದುಹಾಕಲಾಯಿತು. ಅಡುಗೆಯವನ ಪಾತ್ರ ಮಾಡಿದವರಿಗೆ ಹೆಂಡತಿ ಮಕ್ಕಳು ಯಾರೂ ಇರಲಿಲ್ಲ. ಅವರು ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಆದ್ದರಿಂದ ವಕೀಲರನ್ನು ಕೊಂದದ್ದು ಅಡುಗೆಯವನೇ ಎಂದು ತೀರ್ಮಾನವಾಯಿತು.

ಸಭೆ ಮುಗಿದ ಮೂರನೇ ದಿನ, ಫಲಕವನ್ನು ಗೋಡೆಗೆ ಹಾಕಲು ಮುಖ್ಯಾಧಿಕಾರಿಗಳ ಕೋಣೆಯ ಬೀರುವನ್ನು ಸರಿಸಿದೆವು. ಬೀರುವಿನ ಒಂದು ಕಾಲು ಮೋಟು. ಅಲುಗಾಡದಂತೆ ಅದರಡಿಗೆ ಏನೋ ಇಟ್ಟಿದ್ದರು. ಎಳೆದು ನೋಡಿದರೆ ಒಂಬತ್ತನೇ ರೀಲು.

ಯಂತ್ರಕ್ಕೆ ಹಾಕಿ ನೋಡಿದೆವು. ಬೀರುವಿನ ಭಾರಕ್ಕೆ ಅಂಚು ಸವೆದಿತ್ತು, ಚಿತ್ರ ಮಾತ್ರ ಸ್ವಚ್ಛವಾಗಿತ್ತು. ನರ್ಸ್ ಬಾಗಿಲ ಸಂದಿಯಲ್ಲಿ ದಾರ ತೂರಿಸಿ ಹೊರಗಿನಿಂದಲೇ ಚಿಲಕ ಎಳೆಯುತ್ತಾಳೆ. ಆಮೇಲೆ ಮೆಲ್ಲಗೆ ತಿರುಗುತ್ತಾಳೆ. ಇಪ್ಪತ್ತೊಂದರ ಮುಖ, ಗಲ್ಲದಲ್ಲಿ ಸಣ್ಣ ಕುಳಿ. ಆ ನಗು ಕಂಡು ಯಂತ್ರ ನಡೆಸುವವನ ಕೈಯಲ್ಲಿದ್ದ ಚಹಾದ ಲೋಟ ಬಾಯಿಗೆ ಹೋಗುವುದನ್ನೇ ಮರೆಯಿತು.

ದೀಪ ಹಾಕಿದ ಮೇಲೆ ಮುಖ್ಯಾಧಿಕಾರಿಗಳು ಕನ್ನಡಕ ಒರೆಸಿಕೊಂಡು, “ರೀಲಿನಲ್ಲಿ ದೋಷ ಇದೆ,” ಎಂದರು. ‘ವೀಕ್ಷಕರ ಬಹುಮತಕ್ಕೆ ಹೊಂದಿಕೆಯಾಗದ ಕಾರಣ ವಿಲೇವಾರಿ ಮಾಡಿದೆ’ ಎಂದು ನಾನು ಬರೆದೆ. ವಿಲೇವಾರಿಯೆಂದರೆ ಸುಡುವುದು. ಹಳೆಯ ರೀಲು ಚೆನ್ನಾಗಿ ಉರಿಯುತ್ತದೆ.

ಮುಂದೆ ತಕರಾರು ಬರಬಾರದೆಂದು ಆ ಹೆಂಗಸಿಗೆ ಒಂದು ಪ್ರಮಾಣಪತ್ರ ಕೊಡುವುದೆಂದಾಯಿತು. ನಾನೇ ಮನೆಗೆ ಹೋದೆ. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಸುತ್ತಲೂ ಬಟ್ಟೆಯ ಚೂರುಗಳು. ಕಾಗದವನ್ನು ಬೆಳಕಿಗೆ ಹಿಡಿದು ಅವರು ಗಟ್ಟಿಯಾಗಿ ಓದಿಕೊಂಡರು: “ಸದರಿಯವರು ಯಾವುದೇ ಕೊಲೆ ಮಾಡಿರುವುದಿಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ.”

ಆಮೇಲೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಕೇಳಿದರು:

“ಆ ರೀಲು ಎಲ್ಲೂ ಸಿಗಲಿಲ್ವಾ?”

“ದಾಖಲೆಯಲ್ಲಿ ಇಲ್ಲಮ್ಮ,” ಎಂದೆ. ಸುಟ್ಟ ಮೇಲೆ ಅದು ದಾಖಲೆಯಲ್ಲೂ ಇರಲಿಲ್ಲ.

“ನಾನು ತಿರುಗಿದ್ದು ನೆನಪಿದೆಯಲ್ಲ ಸ್ವಾಮಿ. ದೀಪದ ಶಾಖಕ್ಕೆ ಕಣ್ಣು ಉರೀತಿತ್ತು.”

“ಅತ್ತೆ, ಸರ್ಕಾರದವರೇ ಇಲ್ಲ ಅಂತಿದ್ದಾರೆ,” ಎಂದು ಸೊಸೆ ಕಾಗದವನ್ನು ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು. ಮುದ್ರೆಯಿರುವ ಕಾಗದ ಆ ಮನೆಗೆ ಬಂದದ್ದು ಅದೇ ಮೊದಲು. ಅಕ್ಕಪಕ್ಕದವರು ಬಂದು ಓದಿದರು. ನಾದಿನಿಯೂ ಬಂದು, ಇಷ್ಟು ವರ್ಷ ಅನುಮಾನಪಟ್ಟದ್ದು ತಪ್ಪಾಯಿತೆಂದು ಕೈಹಿಡಿದು ಹೇಳಿದರಂತೆ.

ಎರಡನೇ ಆವೃತ್ತಿ ಬಿಡುಗಡೆಯಾದ ವಾರ ಆ ಹೆಂಗಸು ಕಚೇರಿಗೆ ಬಂದು ಹೊಸ ನಮೂನೆ ಕೇಳಿ ಪಡೆದರು. ಬೆಂಚಿನ ಮೇಲೆ ಕೂತು, ಎಲ್ಲ ಕಾಲಂಗಳನ್ನೂ ದುಂಡಗಿನ ಅಕ್ಷರದಲ್ಲಿ ತುಂಬಿದರು. ನನ್ನ ಕೈಗೆ ಕೊಡುತ್ತಾ ದನಿ ತಗ್ಗಿಸಿ ಹೇಳಿದರು:

“ಆ ಅಡುಗೆಯವನ ಮೇಲೆ ನನಗೂ ಮೊದಲಿಂದ ಅನುಮಾನ ಇತ್ತು ಸ್ವಾಮಿ. ಶೂಟಿಂಗಲ್ಲಿ ನೋಡ್ತಿದ್ದೆನಲ್ಲ, ಯಾರ ಜೊತೇನೂ ಮಾತಾಡ್ತಿರಲಿಲ್ಲ.”